ದೃಷ್ಟಿಬೊಟ್ಟು

ಮಗನ ಕನ್ನಡ ನೋಟುಪುಸ್ತಕದ ಒಂದು ಪುಟದಲ್ಲಿ 'ಪೀರೋಪಕರಣ' ಎಂದಿತ್ತು. ಅಡಿಗೆ ಕೆಂಪು ಗೆರೆ, ಅಂಚಿನಲ್ಲಿ 'ಗಮನ ಸಾಲದು' ಎಂಬ ಷರಾ. ಹಿಂದಿನ ಪುಟಗಳನ್ನು ತಿರುವಿದರೆ 'ನಿಷೇಧ' 'ನಿಪೇದ'ವಾಗಿತ್ತು, 'ಕುಠಾರ' 'ಕುರಾರ'ವಾಗಿತ್ತು, 'ವಿಷಾದ' ಇರಬೇಕಾದಲ್ಲಿ 'ವಿಪಾದ' ಕೂತಿತ್ತು. ಹುಡುಗ ನಾಲ್ಕನೇ ತರಗತಿ. ಅಕ್ಷರ ಬಾರದವನಲ್ಲ. ಸಂಜೆ ಕೆಲಸದಿಂದ ಬಂದವಳು ಕಾಫಿಯನ್ನೂ ಕುಡಿಯದೆ ಅವನನ್ನು ಕೂರಿಸಿಕೊಂಡು ಒಂದೊಂದು ಪದವನ್ನೂ ಇಪ್ಪತ್ತು ಸಲ ಬರೆಸಿದೆ. ಅವನು ಅಳಲಿಲ್ಲ, ಸುಮ್ಮನೆ ಬರೆದ. ಅಳದೆ ಬರೆದದ್ದೇ ಈಗ ನೆನೆದರೆ ಹೆಚ್ಚು ನೋಯುತ್ತದೆ.

ಮಾರನೆಯ ವಾರ ಮತ್ತೆ ಅದೇ ಕತೆ. ಈ ಸಲ 'ಕಠಾರಿ' ಹೋಗಿ 'ಕರಾರಿ'. ಬೈಯುವುದು ಬಿಟ್ಟು ಉಕ್ತಲೇಖನ ಕೊಟ್ಟೆ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಒಂದೊಂದೇ ಪದ ಹೇಳುತ್ತ ಹೋದೆ, ಅವನು ಊಟದ ಮೇಜಿನ ಮೇಲೆ ಬರೆಯುತ್ತ ಹೋದ. ಹಿಂದೆ ಬರೆಸಿದ್ದವು, ಬರೆಸದೇ ಇದ್ದವು, ಎರಡನ್ನೂ ಬೆರೆಸಿ ಹತ್ತು ಪದ. ಹತ್ತಕ್ಕೆ ಹತ್ತೂ ಸರಿ. ಕಿವಿಯಿಂದ ಕೇಳಿದ್ದು ಸರಿಯಾಗಿ ಬರುತ್ತದೆ, ಕಣ್ಣಿಂದ ನೋಡಿದ್ದು ತಪ್ಪಾಗಿ ಬರುತ್ತದೆ. ಇಷ್ಟು ಕಣ್ಣೆದುರಿಗೆ ಬಂದ ಮೇಲೂ ನನಗೆ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹುಡುಗ ತರಗತಿಯಲ್ಲಿ ಎಲ್ಲೋ ನೋಡುತ್ತ ಕೂತಿರುತ್ತಾನೆ ಎಂದೇ ತಿಳಿದೆ.

ಹೊಳೆದದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ.

ನಮ್ಮ ಮನೆ ಬೆಂಗಳೂರಿನ ಮುನ್ನೇಕೊಳಲಿನಲ್ಲಿ. ಎಲ್ಲಿಗೆ ಹೋಗಬೇಕೆಂದರೂ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಬಂದು ಬಸ್ಸು ಹಿಡಿಯಬೇಕು. ಬಸ್ಸು ಬರುವುದರೊಳಗೆ ನಮ್ಮಿಬ್ಬರದೂ ಒಂದು ಆಟ: ದೂರದಲ್ಲಿ ಬರುತ್ತಿರುವ ಬಸ್ಸಿನ ನಂಬರನ್ನು ಯಾರು ಮೊದಲು ಹೇಳುತ್ತಾರೆ ಎಂದು. ಯಾವಾಗಲೂ ಅವನೇ ಗೆಲ್ಲುತ್ತಿದ್ದ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ನಿಂತರೆ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ 335ಇ ನಿಮಿಷ ನಿಮಿಷಕ್ಕೂ ಬರುತ್ತದೆ, ಮೇಲೆ ರಿಂಗ್ ರೋಡಿಗೆ ಹತ್ತಿದರೆ 500ಡಿ. ಕಂಡಕ್ಟರು ಬಾಗಿಲಲ್ಲಿ ನಿಂತು 'ಕಾಡುಗೋಡಿ ಕಾಡುಗೋಡಿ' ಎಂದು ಕೂಗುವುದು ಬಸ್ಸಿಗಿಂತ ಮೊದಲೇ ತಲುಪುತ್ತದೆ. ಅವನು ಓದುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಓದುತ್ತಿದ್ದೇನೆ ಎಂದು ಅವನೂ ತಿಳಿದಿದ್ದ.

ಒಂದು ಶನಿವಾರ ಶಿವಾಜಿನಗರಕ್ಕೆ ಹೋಗಿದ್ದೆವು. ರಸೆಲ್ ಮಾರ್ಕೆಟಿನಲ್ಲಿ ಹಣ್ಣು, ಹೂವು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ ಸಾಲುಸಾಲು ಬಸ್ಸು, ಒಂದೂ ಪರಿಚಯದ್ದಲ್ಲ. ಕೈಯಲ್ಲಿ ಎರಡು ಚೀಲ ಹಿಡಿದಿದ್ದವಳು, "ಪುಟ್ಟ, ಆ ಮೂಲೆಯ ಬಸ್ಸಿನ ನಂಬರ್ ನೋಡೋ" ಎಂದೆ. ಅವನು ನೋಡಿದ. ಆಮೇಲೆ ಹೇಳಿದ: "ಆ ಬಸ್ಸು ನಂಗೆ ಗೊತ್ತಿಲ್ಲಮ್ಮ."

"ಗೊತ್ತಿರಬೇಕಾಗಿಲ್ಲ ಕಂದ, ಬೋರ್ಡ್ ಓದಿ ಹೇಳು."

ಅವನು ಕಣ್ಣು ಕಿರಿದು ಮಾಡಿದ. ತಲೆಯನ್ನು ಒಂದು ಕಡೆ ವಾಲಿಸಿದ. ಕೊನೆಗೆ ಬಲಗೈ ಮುಷ್ಟಿಯನ್ನು ಸಡಿಲವಾಗಿ ಮಡಿಚಿ, ಬೆರಳುಗಳ ನಡುವೆ ಸಣ್ಣದೊಂದು ತೂತು ಮಾಡಿಕೊಂಡು, ಅದರ ಮೂಲಕ ಒಂದೇ ಕಣ್ಣಲ್ಲಿ ನೋಡಿ ನಿಧಾನವಾಗಿ ನಂಬರ್ ಓದಿದ. ಸರಿಯಾಗಿತ್ತು. "ಹೀಗೆ ನೋಡೋದನ್ನ ಯಾರು ಹೇಳಿಕೊಟ್ರೋ?" ಎಂದೆ. "ಯಾರೂ ಇಲ್ಲ. ಕ್ಲಾಸಲ್ಲಿ ಹಿಂಗೇ ನೋಡ್ತೀನಿ. ಮಿಸ್ಸು ಆಟ ಆಡಬೇಡ ಅಂತಾರೆ."

ಚೀಲ ಕೆಳಗಿಟ್ಟು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ. ತೊಟ್ಟಿಲಲ್ಲಿದ್ದಾಗ ದಿನಾ ಸಂಜೆ ಮರೆಯದೆ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟವಳು ನಾನು. ಯಾರ ಕಣ್ಣೂ ತಾಗದಿರಲಿ ಎಂದು ಅಷ್ಟು ಕಾಳಜಿ ಮಾಡಿದವಳಿಗೆ ಅವನ ಕಣ್ಣನ್ನೇ ಒಮ್ಮೆ ನೋಡಬೇಕೆಂದು ತೋಚಿರಲಿಲ್ಲ.

ಮುಷ್ಟಿಯ ತೂತಿನ ಆ ಉಪಾಯ ಅವನು ತಾನಾಗಿ ಕಂಡುಕೊಂಡದ್ದು, ಆದರೆ ಅದು ಕಣ್ಣಿನ ಡಾಕ್ಟರುಗಳ ಹಳೆಯ ಪರೀಕ್ಷೆ. ಸಣ್ಣ ಸಣ್ಣ ತೂತುಗಳಿರುವ ಕಪ್ಪು ತಟ್ಟೆಯೊಂದನ್ನು ಅವರು ಕಣ್ಣಿಗೆ ಅಡ್ಡ ಹಿಡಿಸುತ್ತಾರೆ. ಕಣ್ಣಿನ ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದಾಗ ಬೆಳಕಿನ ಕಿರಣಗಳು ಒಳಗಿನ ಪರದೆಯ ಮೇಲೆ ಒಂದೇ ಕಡೆ ಸೇರದೆ ಹರಡಿ ಬೀಳುತ್ತವೆ, ಅದೇ ಮಸುಕು. ಸಣ್ಣ ತೂತು ಸುತ್ತಲಿನ ಕಿರಣಗಳನ್ನು ತಡೆದು ನಡುವಿನವನ್ನು ಮಾತ್ರ ಬಿಡುವುದರಿಂದ ಚಿತ್ರ ತಿಳಿಯಾಗುತ್ತದೆ. ಕಣ್ಣು ಕಿರಿದು ಮಾಡಿ ನೋಡುವುದರ ಗುಟ್ಟೂ ಇದೇ. ದಪ್ಪ ಕಾಗದಕ್ಕೆ ಸೂಜಿಯಿಂದ ಚುಚ್ಚಿ ಮನೆಯಲ್ಲೇ ಯಾರಾದರೂ ನೋಡಬಹುದು: ತೂತಿನ ಮೂಲಕ ದೂರದ ಅಕ್ಷರ ತಿಳಿಯಾದರೆ ಬಹುಮಟ್ಟಿಗೆ ಕನ್ನಡಕದಿಂದ ಸರಿಹೋಗುವ ತೊಂದರೆ. ತೂತಿನಲ್ಲಿ ನೋಡಿದರೂ ಮಸುಕು ಹೋಗದಿದ್ದರೆ ಕಾರಣ ಬೇರೆ ಇರಬಹುದು, ಆಗ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬಾರದು.

ಮನೆಗೆ ಬಂದು ಮತ್ತೆ ನೋಟುಪುಸ್ತಕ ತೆರೆದೆ. ಈ ಸಲ ತಪ್ಪುಗಳನ್ನು ಬಿಟ್ಟು ಸರಿ ಇದ್ದವನ್ನು ನೋಡುತ್ತ ಹೋದೆ. 'ಪಾಠ' ಎಲ್ಲ ಕಡೆಯೂ ಸರಿ. 'ಮಠ', 'ಹಠ', 'ಭಾಷೆ', 'ಸಂತೋಷ' ಎಲ್ಲ ಸರಿ. ತಪ್ಪಾಗಿದ್ದವೆಲ್ಲ ಅವನು ಆ ದಿನ ಮೊದಲ ಸಲ ಕಂಡ ಪದಗಳು. ತಿಳಿದ ಪದ ಬಂದಾಗ ಬೋರ್ಡಿನ ಮೇಲೆ ಮಸುಕಾಗಿ ಕಂಡದ್ದನ್ನು ತಲೆ ತಾನಾಗಿ ತಿದ್ದಿಕೊಳ್ಳುತ್ತಿತ್ತು. ಮಾರತ್ತಹಳ್ಳಿಯ ಬಸ್ಸಿನ ಹಾಗೆ. ಹೊಸ ಪದಕ್ಕೆ ಹಾಗೆ ತಿದ್ದಲು ಏನೂ ಇಲ್ಲ, ಕಣ್ಣು ಕೊಟ್ಟಷ್ಟೇ ಗತಿ.

ಇನ್ನು ನಮ್ಮ ಲಿಪಿ. ಠಕಾರ ಎಂದರೆ ಹೊಟ್ಟೆಯಲ್ಲೊಂದು ಬೊಟ್ಟಿರುವ ರಕಾರ. ದಕಾರದ ಬುಡದಲ್ಲೊಂದು ಸೀಳು ಬಿದ್ದರೆ ಧಕಾರ, ಆ ಧಕಾರದೊಳಗೆ ಬೊಟ್ಟಿಟ್ಟರೆ ಥಕಾರ. ಪಕಾರಕ್ಕೆ ಒಳಗೊಂದು ಗೀಟು ಸೇರಿದರೆ ಷಕಾರ. ದನ ಹೋಗಿ ಧನವಾಗಲು, ಮರ ಹೋಗಿ ಮಠವಾಗಲು ಬೇಕಾಗಿರುವುದು ಒಂದು ಚುಕ್ಕೆ, ಒಂದು ಸೀಳು. ದುಂಡು ದುಂಡಗೆ ಎಲ್ಲವೂ ಒಂದೇ ಹಾಗೆ ಕಾಣುವ ಈ ಅಕ್ಷರಗಳ ನಡುವಿನ ವ್ಯತ್ಯಾಸವೆಲ್ಲ ಒಳಗಿನ ಸಣ್ಣ ಜಾಗದಲ್ಲಿದೆ. ಮಕ್ಕಳ ಕಣ್ಣು ಪರೀಕ್ಷಿಸಲು ಬೇರೆ ಬೋರ್ಡೇ ಬೇಡ, ಕನ್ನಡ ನೋಟುಪುಸ್ತಕ ಸಾಕು ಎಂದು ನನಗೆ ಅನ್ನಿಸಿದ್ದು ಆಗ. ಮಹಾಪ್ರಾಣದ ತಪ್ಪನ್ನೆಲ್ಲ ಉಚ್ಚಾರದ ತಪ್ಪು, ಉದಾಸೀನದ ತಪ್ಪು ಎಂದು ಕೆಂಪು ಗೆರೆ ಎಳೆಯುವ ಮೊದಲು ಆ ಮಗುವನ್ನು ಒಂದು ವಾರ ಮೊದಲ ಬೆಂಚಿನಲ್ಲಿ ಕೂರಿಸಿ ನೋಡಲಿ ಎಂದು ಎಲ್ಲ ಮೇಷ್ಟರು, ಮೇಡಂಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಲೆಕ್ಕವೂ ಇದೆ. 1862ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ ಎಂಬ ಕಣ್ಣಿನ ವೈದ್ಯರು ಮಾಡಿದ ಅಕ್ಷರಗಳ ಪಟ್ಟಿಯೇ ಇವತ್ತಿಗೂ ಗೋಡೆಯ ಮೇಲಿರುವುದು. ಆರು ಮೀಟರ್ ದೂರದಿಂದ ಸರಿಯಾದ ಕಣ್ಣು ಎಷ್ಟು ಸಣ್ಣ ಅಕ್ಷರ ಓದಬೇಕೋ ಅಷ್ಟನ್ನು ಓದಿದರೆ 6/6. ಆ ಸಾಲಿನ ಅಕ್ಷರದ ಎತ್ತರ ಒಂಬತ್ತು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, ಅದರೊಳಗಿನ ಒಂದು ಗೆರೆಯ ದಪ್ಪ ಎರಡು ಮಿಲಿಮೀಟರೂ ಇಲ್ಲ. ಅರವತ್ತು ಮೀಟರಿನಿಂದ ಕಾಣಬೇಕಾದ ಅಕ್ಷರ ಆರೇ ಮೀಟರಿಗೆ ಕಂಡರೆ 6/60. ಹಿಂದಿನ ಬೆಂಚಿನಿಂದ ಬೋರ್ಡಿಗೆ ಹೆಚ್ಚುಕಡಿಮೆ ಆರು ಮೀಟರೇ ಇರುತ್ತದೆ. ಸೀಮೆಸುಣ್ಣದಲ್ಲಿ ಬರೆದ ಠಕಾರದ ಬೊಟ್ಟು ಮೂರೋ ನಾಲ್ಕೋ ಮಿಲಿಮೀಟರ್. ನನ್ನ ಮಗನಿಗೆ ಅದು ಇರಲೇ ಇಲ್ಲ.

ಸೋಮವಾರ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾರತ್ತಹಳ್ಳಿಯ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿಗಳಿಗೇನೂ ಕೊರತೆಯಿಲ್ಲ, ಅಲ್ಲಿ 'ಕಂಪ್ಯೂಟರ್ ಚೆಕಪ್' ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡವರಿಗೆ ಅದು ಸಾಕಾದೀತು. ಮಕ್ಕಳ ಕಣ್ಣಿನ ಮಾತು ಬೇರೆ. ಅವರ ಕಣ್ಣಿನ ಮಸೂರ ಬಹಳ ಮೆದು. ಯಂತ್ರದೊಳಗೆ ನೋಡುವಾಗ ಅದು ತಾನಾಗಿ ಬಿಗಿದುಕೊಂಡು ಇಲ್ಲದ ನಂಬರನ್ನೂ ತೋರಿಸಬಹುದು. ಅದಕ್ಕೇ ಹನಿ ಔಷಧಿ ಹಾಕಿ, ಪಾಪೆ ಹಿಗ್ಗಿಸಿ, ಮಸೂರದ ಬಿಗಿ ಸಡಿಲಿಸಿ ನೋಡಬೇಕು. ಹನಿ ಉರಿಯುತ್ತದೆ. ಮುಕ್ಕಾಲು ಗಂಟೆ ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿ ಮಲಗಿದ್ದ. ಅದಕ್ಕೂ ಮುಂಚೆ ಯಂತ್ರದಲ್ಲಿ ಗಲ್ಲವಿಟ್ಟಾಗ ಒಂದು ಉದ್ದ ರಸ್ತೆಯ ಕೊನೆಯಲ್ಲಿ ಬಣ್ಣದ ದೊಡ್ಡ ಬಲೂನ್ ಕಂಡಿತಂತೆ. ಮೊದಲು ಮಸುಕಾಗಿತ್ತು, ಆಮೇಲೆ ತಿಳಿಯಾಯಿತು, ಮತ್ತೆ ಮಸುಕಾಯಿತು ಎಂದು ಕಣ್ಣು ಮುಚ್ಚಿಕೊಂಡೇ ವರ್ಣಿಸಿದ.

ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ಡಾಕ್ಟರಮ್ಮ ಆ ಸಂಖ್ಯೆಯ ಅರ್ಥ ಬಿಡಿಸಿ ಹೇಳಿದರು. ಒಂದು ಮೀಟರನ್ನು ಒಂದೂವರೆಯಿಂದ ಭಾಗಿಸಿದರೆ ಮೀಟರಿನ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 67 ಸೆಂಟಿಮೀಟರ್. ಅಲ್ಲಿಯವರೆಗೆ ಇವನಿಗೆ ಎಲ್ಲ ಸ್ಪಷ್ಟ, ಅದರಾಚೆ ಹೋದಷ್ಟೂ ಮಸುಕು. ನೀಡಿದ ಕೈಯಷ್ಟು ದೂರದಲ್ಲಿ ನನ್ನ ಮಗನ ತಿಳಿಯಾದ ಲೋಕ ಮುಗಿದುಹೋಗುತ್ತಿತ್ತು. ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ತುಸು ಉದ್ದ ಬೆಳೆದರೆ ಹೀಗಾಗುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆ, ಮೂರರಷ್ಟು ನಂಬರ್ ಬರುತ್ತದೆ. ಇವನದು ಅರ್ಧ ಮಿಲಿಮೀಟರಿನ ವ್ಯತ್ಯಾಸ, ಒಂದು ಸಾಸಿವೆ ಕಾಳಿನಷ್ಟೂ ಇಲ್ಲ.

"ಇವನು ಒಂದು ದಿನವೂ ಕಾಣಿಸುವುದಿಲ್ಲ ಅಂದಿಲ್ಲವಲ್ಲ ಡಾಕ್ಟ್ರೇ" ಎಂದೆ. "ಕಾಣಿಸುವುದು ಹೇಗಿರುತ್ತೆ ಅಂತ ಗೊತ್ತಿದ್ದರೆ ತಾನೇ ಹೇಳೋದು? ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರುತ್ತವೆ ಮಕ್ಕಳು" ಎಂದರು. ಟಿವಿಯ ಹತ್ತಿರ ಹತ್ತಿರ ಸರಿಯುವುದು, ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವುದು, ಕಣ್ಣು ಉಜ್ಜುವುದು, ಸಂಜೆಯಾದರೆ ತಲೆನೋವು ಎನ್ನುವುದು, ಕ್ಯಾಚ್ ಹಿಡಿಯಲಾಗದೆ ಆಟದಿಂದ ಹಿಂದೆ ಸರಿಯುವುದು, ಇವೇ ಗುರುತುಗಳಂತೆ. ಇವನು ಕ್ರಿಕೆಟ್ ಬಿಟ್ಟು ಆರು ತಿಂಗಳಾಗಿತ್ತು. ಓದಿನ ಮೇಲೆ ಮನಸ್ಸು ಬಂದಿದೆ ಎಂದು ನಾವು ಸಂತೋಷಪಟ್ಟಿದ್ದೆವು.

ಅವರು ಹೇಳಿದ ಇನ್ನೊಂದು ಮಾತನ್ನು ಮಕ್ಕಳಿರುವ ಎಲ್ಲರಿಗೂ ತಲುಪಿಸಬೇಕು. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿಸಬೇಕು. ಎರಡು ಕಣ್ಣಲ್ಲಿ ಒಂದು ಚೆನ್ನಾಗಿದ್ದರೆ ಇನ್ನೊಂದರ ಕೊರತೆಯನ್ನು ಅದು ಮುಚ್ಚಿಬಿಡುತ್ತದೆ, ಮಗುವಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಮಸುಕು ಚಿತ್ರ ಕಳಿಸುವ ಕಣ್ಣಿನ ಮಾತನ್ನು ಮಿದುಳು ಕ್ರಮೇಣ ಕೇಳುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಕಂಡುಹಿಡಿದರೆ ಆ ಕಣ್ಣನ್ನು ಮತ್ತೆ ದುಡಿಮೆಗೆ ಹಚ್ಚುವುದು ಸುಲಭ, ತಡವಾದಷ್ಟೂ ಕಷ್ಟ. ಇಷ್ಟು ಸಣ್ಣ ಅಂಗೈಯ ಪರೀಕ್ಷೆ, ದುಡ್ಡಿಲ್ಲ, ಕಾಸಿಲ್ಲ. ಆದರೂ ನಮ್ಮಲ್ಲಿ ಮಾತು ಹೊರಳುವುದು ಬೇರೆ ಕಡೆಗೇ. ಇಷ್ಟು ಬೇಗ ಸೋಡಾಬುಡ್ಡಿ ಯಾಕೆ, ಕನ್ನಡಕ ಹಾಕಿದರೆ ನಂಬರ್ ಇನ್ನೂ ಏರುತ್ತದೆ, ಕ್ಯಾರೆಟ್ ತಿನ್ನಿಸಿ ಸಾಕು. ಹೆಣ್ಣುಮಗುವಾದರೆ ನಾಳೆ ಗಂಡಿನ ಕಡೆಯವರು ಏನಂದಾರು ಎಂಬುದೂ ಸೇರುತ್ತದೆ. ಇದನ್ನೆಲ್ಲ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಕನ್ನಡಕದಿಂದ ನಂಬರ್ ಏರುವುದಿಲ್ಲ. ಮಗು ಬೆಳೆಯುವಾಗ ಕಣ್ಣೂ ಬೆಳೆಯುತ್ತದೆ, ಅದರಿಂದ ಏರುತ್ತದೆ. ದಿನಕ್ಕೆ ಎರಡು ಗಂಟೆಯಾದರೂ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಈ ತೊಂದರೆ ಕಡಿಮೆ ಎಂದು ಸಂಶೋಧನೆಗಳು ತೋರಿಸಿವೆ. ಪಿ.ಜಿ. ಕಟ್ಟಡಗಳು ಒತ್ತೊತ್ತಾಗಿ ಎದ್ದಿರುವ ನಮ್ಮ ಬೀದಿಯಲ್ಲಿ ಬಯಲನ್ನು ಎಲ್ಲಿಂದ ತರುವುದು? ತಾರಸಿಯೊಂದೇ ಉಳಿದಿರುವುದು.

ಮೊದಲ ದಿನದ ಒಂದು ಸಂಗತಿಯನ್ನು ಹೇಳದೆ ಬಿಟ್ಟಿದ್ದೆ. ಆ ಕೆಂಪು ಗೆರೆ ಕಂಡಾಗ ತಪ್ಪೇನೆಂದು ನನಗೂ ಕೂಡಲೇ ಗೊತ್ತಾಗಲಿಲ್ಲ. 'ಪೀಠೋಪಕರಣ' ಸರಿಯಾಗಿಯೇ ಇದೆಯಲ್ಲ, ಇದಕ್ಕೇಕೆ ಗೆರೆ ಎಂದುಕೊಂಡೆ. ಪುಸ್ತಕವನ್ನು ಟ್ಯೂಬ್‌ಲೈಟಿನ ಕೆಳಗೆ ಒಯ್ದು ಕೈ ನೀಡಿ ಹಿಡಿದಾಗ ಬೊಟ್ಟಿಲ್ಲದ್ದು ಕಂಡಿತು. ಒಂದೇ ಬೊಟ್ಟನ್ನು ಮಗ ದೂರದಿಂದ ಕಾಣಲಿಲ್ಲ, ತಾಯಿ ಹತ್ತಿರದಿಂದ ಕಾಣಲಿಲ್ಲ. ಡಾಕ್ಟರಮ್ಮನ ಮುಂದೆ ಅವನ ಚೀಟಿಯನ್ನು ಓದಲು ನಾನು ಕೈ ಉದ್ದ ಮಾಡಿದ್ದನ್ನು ಅವರು ನೋಡಿದರು. "ನಿಮ್ಮ ವಯಸ್ಸೆಷ್ಟು?" ಎಂದರು. ನಲವತ್ತನಾಲ್ಕು ಎಂದೆ. ಕನ್ನಡದಲ್ಲಿ ಅಚ್ಚಾದ ಕಾರ್ಡೊಂದನ್ನು ಕೈಗೆ ಕೊಟ್ಟರು. ಸಾಲಿನಿಂದ ಸಾಲಿಗೆ ಅಕ್ಷರ ಕಿರಿದಾಗುತ್ತ ಹೋಗುತ್ತದೆ. ಒತ್ತಕ್ಷರಗಳು ಮೊದಲು ಕರಗಿದವು, ಆಮೇಲೆ ಸೊನ್ನೆಗಳು, ಆಮೇಲೆ ಸಾಲೇ.

ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ಚಾಳೀಸು. ನಲವತ್ತಕ್ಕೆ ಬರುವುದರಿಂದ ಚಾಳೀಸು. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ಹತ್ತಿರ ಹಿಡಿದೂ ಓದಬಲ್ಲದು. ವರ್ಷ ಕಳೆದಂತೆ ಮಸೂರ ಗಟ್ಟಿಯಾಗಿ ಬಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಇದು ರೋಗವಲ್ಲ, ಕೂದಲು ನರೆಯುವ ಹಾಗೆ ಎಲ್ಲರಿಗೂ ಬರುವಂಥದ್ದು. ಹಾಗಿದ್ದೂ ನಾನು ಎರಡು ವರ್ಷ ಅದನ್ನು ಗುರುತಿಸಲಿಲ್ಲ. ಅಡುಗೆಮನೆಯ ಬಲ್ಬು ಮಂಕಾಗಿದೆ ಎಂದು ಬದಲಾಯಿಸಿದೆ. ಪತ್ರಿಕೆಯವರು ಅಕ್ಷರ ಸಣ್ಣ ಮಾಡಿದ್ದಾರೆ ಎಂದುಕೊಂಡೆ. ಮೊಬೈಲಿನ ಅಕ್ಷರ ದೊಡ್ಡದು ಮಾಡಿಸಿಕೊಂಡೆ. ಮಾತ್ರೆಯ ಪಟ್ಟಿಯ ಹಿಂದಿನ ತಾರೀಖನ್ನು ಮಗನ ಕೈಲಿ ಓದಿಸಿದೆ, ಅವನಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತಲ್ಲ. ಸಾರಿನ ಪುಡಿಯ ಡಬ್ಬಿ, ಹುಳಿಪುಡಿಯ ಡಬ್ಬಿ ಇಟ್ಟ ಜಾಗ ಗೊತ್ತಿದ್ದರಿಂದ ಚೀಟಿ ಓದುವ ಪ್ರಮೇಯವೇ ಬರಲಿಲ್ಲ. ಒಂದು ಮನೆಯಲ್ಲಿ ಬಹುಕಾಲ ಬಾಳಿದರೆ ಕಣ್ಣಿನ ಅರ್ಧ ಕೆಲಸವನ್ನು ಕೈಯೇ ಮಾಡುತ್ತಿರುತ್ತದೆ.

ವ್ಯಾಸರಾಯರ ನೆನಪಾಗುತ್ತದೆ. ವಿಜಯನಗರದ ಕಾಲದ ಆ ಯತಿಗಳು ಪುಸ್ತಕ ಓದಲು 'ಉಪಲೋಚನ ಗೋಲಕ' ಬಳಸುತ್ತಿದ್ದರೆಂದು ಸೋಮನಾಥ ಕವಿ ಸಂಸ್ಕೃತದ 'ವ್ಯಾಸಯೋಗಿ ಚರಿತ'ದಲ್ಲಿ ಬರೆದಿದ್ದಾನೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಅದನ್ನು ಎತ್ತಿ ತೋರಿಸಿ, ಸುಮಾರು 1520ರ ಹೊತ್ತಿಗೆ ನಮ್ಮ ನಾಡಿನಲ್ಲಿ ಕನ್ನಡಕ ಬಂದಿತ್ತು ಎಂಬುದಕ್ಕೆ ಅದನ್ನು ಆಧಾರ ಮಾಡಿಕೊಂಡರು. ಪೋರ್ಚುಗೀಸರು ಗೋವೆಗೆ ಬಂದು ಹತ್ತು ವರ್ಷವಷ್ಟೇ ಆಗಿತ್ತು. ಶಾಸ್ತ್ರವೆಲ್ಲ ಕಂಠಸ್ಥವಾಗಿದ್ದವರು ವ್ಯಾಸರಾಯರು, ನೆನಪಿನಿಂದಲೇ ಪಾಠ ಹೇಳಿ ಮುಗಿಸಬಹುದಾಗಿತ್ತು. ಆದರೂ ಗಾಜು ಹಿಡಿದು ಗ್ರಂಥದ ಅಕ್ಷರವನ್ನೇ ನೋಡಿದರು. ಐನೂರು ವರ್ಷದ ಹಿಂದಿನ ಆ ಚಿತ್ರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮ್ಮಮ್ಮನ ಕತೆ ನನ್ನದಕ್ಕೆ ತಿರುಗುಮುರುಗು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕನ್ನಡಕವಿಲ್ಲದೆ ಪಂಚಾಂಗ ಓದಿ, "ಕಣ್ಣು ವಾಪಸ್ ಬಂತು ಕಣೇ" ಎಂದು ಸಂಭ್ರಮಪಟ್ಟರು. ನಾವೂ ಸಂಭ್ರಮಪಟ್ಟೆವು. ಆ ಚಳಿಗಾಲದಲ್ಲಿ ಅವರೆಕಾಯಿ ತಂದೆವು. ಅವರೆಕಾಯಿ ಸುಲಿಯುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ, ಸಿಪ್ಪೆ ಬಿಡಿಸುತ್ತಲೇ ಒಳಗಿನ ಹಸಿರು ಹುಳವನ್ನು ಬೆರಳ ತುದಿಯಿಂದ ಚಿಮ್ಮಿಬಿಡುತ್ತಿದ್ದರು. ಆ ಸಲ ಸಾರಿನಲ್ಲಿ ಹುಳ ಬಂತು. ಹಸಿರು ಕಾಳಿನ ಮೇಲಿನ ಹಸಿರು ಹುಳ ಅಮ್ಮನಿಗೆ ಕಂಡಿರಲಿಲ್ಲ. ತಟ್ಟೆ ಸರಿಸಿ ಕೂತ ಅವರ ಮುಖ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪೊರೆ ಬೆಳೆಯುವಾಗ ಮಸೂರದ ನಡುಭಾಗ ಸಾಂದ್ರವಾಗಿ ಕೆಲವರಿಗೆ ಹತ್ತಿರದ್ದು ಸ್ವಲ್ಪ ಕಾಲ ಕನ್ನಡಕವಿಲ್ಲದೆಯೇ ಕಾಣುತ್ತದೆ, ಜೊತೆಗೆ ಬಣ್ಣವೆಲ್ಲ ಹಳದಿಗೆ ತಿರುಗಿ ಒಂದರಿಂದ ಒಂದು ಬೇರೆಯಾಗಿ ಕಾಣದೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಮುದುಕರು ಕಣ್ಣು ಮರಳಿತು ಎಂದರೆ ಕಣ್ಣಿನ ಡಾಕ್ಟರಿಗೆ ತೋರಿಸುವ ಹೊತ್ತು ಬಂದಿದೆ ಎಂದೇ ಅರ್ಥ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಅಮ್ಮ ತಮ್ಮ ಸೀರೆಯ ಸೆರಗನ್ನೇ ನೋಡುತ್ತ, "ಇದು ನೀಲಿ ಕಣೇ, ನಾನು ಹಸಿರು ಅಂತಿದ್ದೆ" ಎಂದರು.

ಕುಂದಲಹಳ್ಳಿ ಗೇಟಿನ ಕಡೆಗೆ ವರ್ತೂರು ರಸ್ತೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಅವರು ಹಳ್ಳಿಗಳಲ್ಲಿ ಶಿಬಿರ ನಡೆಸಿ, ಪೊರೆ ಬಂದವರನ್ನು ಬಸ್ಸಿನಲ್ಲಿ ಕರೆತಂದು ಉಚಿತವಾಗಿ ಆಪರೇಷನ್ ಮಾಡಿ ಮತ್ತೆ ಊರಿಗೆ ಬಿಡುತ್ತಾರೆ. ಇದಕ್ಕೆಲ್ಲ ನಮ್ಮ ನಾಡಿನಲ್ಲಿ ದಾರಿ ಹಾಕಿಕೊಟ್ಟವರು ಬೀಳಗಿಯ ಡಾ. ಎಂ.ಸಿ. ಮೋದಿ. ಕುರುಡರು ಆಸ್ಪತ್ರೆ ಹುಡುಕಿಕೊಂಡು ಬರಲಾರರು, ಆಸ್ಪತ್ರೆಯೇ ಅವರ ಬಳಿಗೆ ಹೋಗಬೇಕು ಎಂದು ಊರೂರಿಗೆ ಹೋಗಿ ಶಿಬಿರ ಹೂಡಿ ಲಕ್ಷಾಂತರ ಕಣ್ಣುಗಳ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ರಾಜ್ಯ ಸರ್ಕಾರದ 'ಆಶಾಕಿರಣ'ದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ನೋಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡಿಸುವ ಏರ್ಪಾಡೂ ಬಂದಿದೆ. ಬಾಗಿಲಿಗೆ ಬಂದು ಕೇಳುವವರು ಬೇಕೇ ಬೇಕು. ಕಾಣದವರು ತಾವಾಗಿ ಎದ್ದು ಬರುವುದಿಲ್ಲ ಎಂಬುದು ನಮ್ಮ ಮನೆಯ ಮೂವರಿಂದಲೇ ನನಗೆ ಗೊತ್ತಾಗಿದೆ.

ಇಷ್ಟಾದ ಮೇಲೆ ಯಜಮಾನರನ್ನೂ ಬಿಡಲಿಲ್ಲ. ಮಳೆಯ ರಾತ್ರಿ ರಿಂಗ್ ರೋಡಿನಲ್ಲಿ ಎದುರಿನ ದೀಪಗಳೆಲ್ಲ ಸೇವಂತಿಗೆ ಹೂವಿನ ಹಾಗೆ ಎಸಳೆಸಳಾಗಿ ಕಾಣುತ್ತವೆ ಎಂದು ಅವರು ಎಂದೋ ಹೇಳಿದ್ದರು. ಮೆಟ್ರೊ ಕಾಮಗಾರಿಯ ದೂಳಿಗೆ ಹಾಗೆ ಎಂದು ಇಬ್ಬರೂ ಸುಮ್ಮನಾಗಿದ್ದೆವು. ಡ್ರೈವಿಂಗ್ ಲೈಸೆನ್ಸಿನ ಅರ್ಜಿಯ ಜೊತೆ ನಾವು ಸಹಿ ಹಾಕಿಕೊಡುವ ಘೋಷಣೆಯಲ್ಲಿ ಒಂದು ಪ್ರಶ್ನೆಯಿದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ ಎಂದು. ಎಲ್ಲರೂ ಹೌದು ಎಂದು ಬರೆಯುತ್ತೇವೆ, ಯಾರೂ ನಿಂತು ನೋಡಿರುವುದಿಲ್ಲ. ಭಾನುವಾರ ಬೀದಿಯಲ್ಲಿ ಮೂವತ್ತೈದು ಹೆಜ್ಜೆ ಅಳೆದು ಅವರನ್ನು ನಿಲ್ಲಿಸಿದೆ. 'ಕೆಎ 53' ಎಂದು ಸಲೀಸಾಗಿ ಹೇಳಿದರು, ಕೆ.ಆರ್. ಪುರದ ಆರ್‌ಟಿಒ ಗಾಡಿಗಳೇ ಇಲ್ಲಿ ಹೆಚ್ಚು. ಮುಂದಿನ ನಾಲ್ಕು ಅಂಕಿ ಬರಲಿಲ್ಲ. ಮಾರನೆಯ ದಿನ ಅವರೂ ಕನ್ನಡಕದವರಾದರು.

ಕನ್ನಡಕದಿಂದ ಸರಿಹೋಗದವೂ ಇವೆ, ಅವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಏರಿಳಿದಾಗ ಮಸೂರ ಉಬ್ಬಿ ನಂಬರೇ ಬದಲಾಗುತ್ತದೆ, ಸಕ್ಕರೆ ಹತೋಟಿಗೆ ಬರುವ ಮೊದಲು ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಅವರ ಕಣ್ಣಿನ ಒಳಪರದೆ ನೋವಿಲ್ಲದೆ ಹಾಳಾಗುತ್ತದೆ, ಆದ್ದರಿಂದ ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ಗ್ಲಾಕೋಮಾ ಅಕ್ಕಪಕ್ಕದ ನೋಟವನ್ನು ಮೊದಲು ಕದಿಯುತ್ತದೆ, ಎದುರಿನ ಅಕ್ಷರ ಕಾಣುತ್ತಲೇ ಇರುತ್ತದೆ. ಇದ್ದಕ್ಕಿದ್ದ ಹಾಗೆ ಮಿಂಚು ಹೊಡೆದಂತೆ, ಮಸಿ ಚೆಲ್ಲಿದಂತೆ, ಪರದೆ ಇಳಿದಂತೆ ಕಂಡರೆ ಅವತ್ತೇ ಆಸ್ಪತ್ರೆಗೆ ಓಡಬೇಕು, ನಾಳೆ ಎನ್ನಬಾರದು.

ಮಗನ ಕನ್ನಡಕ ಬಂದ ಸಂಜೆ ತಾರಸಿಗೆ ಹೋಗಿದ್ದೆವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ತನಕ ಊರಿನ ವಿಮಾನಗಳೆಲ್ಲ ನಮ್ಮ ತಲೆಯ ಮೇಲೆಯೇ ಎಚ್‌ಎಎಲ್‌ಗೆ ಇಳಿಯುತ್ತಿದ್ದವು. ಈಗ ಅಲ್ಲೊಂದು ಇಲ್ಲೊಂದು. ಇವನು ಸದ್ದಿನಿಂದಲೇ ಇದು ಹೆಲಿಕಾಪ್ಟರ್, ಇದು ಜೆಟ್ ಎಂದು ಹೇಳುತ್ತಿದ್ದ, ಅದನ್ನೊಂದು ಜಾಣತನವೆಂದು ನೆಂಟರ ಮುಂದೆ ಹೇಳಿಸಿಯೂ ಇದ್ದೆ. ಆ ಸಂಜೆ ಬಂದದ್ದು ಸಣ್ಣ ವಿಮಾನ. ಸದ್ದು ಕೇಳಿ ತಲೆಯೆತ್ತಿದವನು ಅದರ ಹೆಸರು ಹೇಳಲಿಲ್ಲ. ಅದು ಕಟ್ಟಡಗಳ ಹಿಂದೆ ಮರೆಯಾಗುವ ತನಕ ಕತ್ತು ಹೊರಳಿಸಿ ನೋಡಿ, "ಅಮ್ಮಾ, ಅದಕ್ಕೆ ಚಕ್ರ ಇದೆ. ಮೂರು ಚಕ್ರ. ಇಳಿಯೋಕೆ ಮುಂಚೆನೇ ಹೊರಗೆ ಬಿಟ್ಟಿರುತ್ತೆ" ಎಂದ.

ಊಟವಾದ ಮೇಲೆ ಅವನು ತಾನಾಗಿಯೇ ಕನ್ನಡ ನೋಟುಪುಸ್ತಕ ತೆಗೆದ. ಹಳೆಯ ಪುಟಕ್ಕೆ ಹೋಗಿ, ಪೆನ್ಸಿಲನ್ನು ಚೂಪಾಗಿ ಕೆತ್ತಿಕೊಂಡು, 'ಪೀರೋಪಕರಣ'ದ ಹೊಟ್ಟೆಯೊಳಗೆ ಜೋಪಾನವಾಗಿ ಒಂದು ಬೊಟ್ಟಿಟ್ಟ. ಪುಟ ತಿರುವಿ 'ಕರಾರಿ'ಗೂ ಇಟ್ಟ. ನಾನು ನನ್ನ ಹೊಸ ಚಾಳೀಸು ಏರಿಸಿಕೊಂಡು ಪಕ್ಕದಲ್ಲಿ ಕೂತೆ. "ಇಲ್ಲೊಂದು ಬಿಟ್ಟೆ ನೋಡು ಪುಟ್ಟ" ಎಂದು 'ಕುರಾರ'ದ ಮೇಲೆ ಬೆರಳಿಟ್ಟೆ.